ಮಗನ ಒಪ್ಪಿಗೆ

ಮ್ಯೂನಿಕ್

ತೀರ್ಥರೂಪ ಅಪ್ಪನಿಗೆ, ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ತೋಟಕ್ಕೆ ಮೂರನೆಯ ಸಲ ಮದ್ದು ಬಿಡಿಸಿದರೂ ಕೊಳೆರೋಗ ನಿಲ್ಲಲಿಲ್ಲವೆಂದು ಅಮ್ಮ ಹೇಳಿದಳು. ವಿಷುವಿನ ನಂತರ ಮಕ್ಕಳ ವಿಷಯವಾಗಿ ನಾನು ಒಂದೂ ಲೇಖನ ಬರೆದಿಲ್ಲವೇಕೆ, ಪತ್ರಿಕೆಯವರು ಅಂಕಣ ನಿಲ್ಲಿಸಿದರೇ ಎಂದು ನೀವು ಕೇಳಿದ್ದಿರಿ. ಅವರು ನಿಲ್ಲಿಸಲಿಲ್ಲ, ನಾನೇ ನಿಲ್ಲಿಸಿದ್ದೇನೆ. ಫೋನಿನಲ್ಲಿ ಹೇಳಿದರೆ ನಿಮಗೆ ಅರ್ಧ ಕೇಳುವುದಿಲ್ಲ, ಉಳಿದರ್ಧವನ್ನು ಅಮ್ಮ ತನಗೆ ತೋಚಿದಂತೆ ಹೇಳುತ್ತಾಳೆ, ಆದ್ದರಿಂದ ಬರೆಯುತ್ತಿದ್ದೇನೆ.

ಬದಿಯಡ್ಕದ ಆ ಉಪನಯನದ ಊಟ ನಿಮಗೆ ನೆನಪಿರಬಹುದು. ಪಾಯಸ ಎಲೆಯಿಂದ ಓಡದಂತೆ ಅಂಗೈಯನ್ನು ಒಡ್ಡಾಗಿ ಇಟ್ಟು ಸುರಿಯುವುದನ್ನು ಮಗ ಆ ದಿನವೇ ನಿಮ್ಮಿಂದ ಕಲಿತಿದ್ದ. ಎದುರು ಹಂತಿಯಲ್ಲಿದ್ದ, ನನಗೆ ಪರಿಚಯವೇ ಇಲ್ಲದ ಹಿರಿಯರೊಬ್ಬರು ಪ್ರೀತಿಯಿಂದಲೇ, "ಹಾಸಿಗೆ ಒದ್ದೆ ಮಾಡುತ್ತಿದ್ದ ಹುಡುಗ ಇವನೇ ಅಲ್ಲವೇ? ಈಗ ನಿಂತಿತೋ?" ಎಂದು ಕೇಳಿದರು. ಅಕ್ಕಪಕ್ಕದವರೆಲ್ಲ ನಕ್ಕರು. ಅವನ ಕೈ ಸಡಿಲಿತು; ಪಾಯಸ ಎಲೆಯಂಚು ದಾಟಿ ಹರಿದು ಹೊಸ ಪಂಚೆಯನ್ನು ತೋಯಿಸಿತು. ಒದ್ದೆಯಾದ ಪಂಚೆಯನ್ನು ಆ ಹಿರಿಯರು ನೋಡಿಬಿಡುತ್ತಾರೆಂದು, ಹಂತಿಯೆಲ್ಲ ಎದ್ದು ಎಲೆ ತೆಗೆಯಲು ಬಂದರೂ ಅವನು ಕುಳಿತಲ್ಲಿಂದ ಏಳಲಿಲ್ಲ.

ಅವರ ತಪ್ಪೇನೂ ಇಲ್ಲ. ನಾನೇ ಬರೆದದ್ದು; ನೀವು ಅಕ್ಕರೆಯಿಂದ ಕತ್ತರಿಸಿ ಫೈಲಿನಲ್ಲಿಟ್ಟು ಚಾವಡಿಗೆ ಬಂದವರಿಗೆಲ್ಲ ಓದಲು ಕೊಟ್ಟದ್ದು. ಬರೆದಾಗ ಅವನಿಗೆ ಐದು ವರ್ಷ, ಈಗ ಒಂಬತ್ತು. ಇದೇ ಚಿಂತೆಯಲ್ಲಿರುವ ತಾಯಂದಿರಿಗೆ ಧೈರ್ಯ ಬರಲೆಂದು ಬರೆದೆನೆಂಬುದು ನಿಜ, ಓದಿ ಸಮಾಧಾನಗೊಂಡವರ ಪತ್ರಗಳೂ ಬಂದಿದ್ದವು. ಆದರೆ ಹಂತಿಯ ನಡುವೆ ತಲೆ ತಗ್ಗಿಸಿ ಕುಳಿತವನು ಅವನು, ನಾನಲ್ಲ.

ಇಲ್ಲಿನ ಶಾಲೆಯವರು ವರ್ಷಾರಂಭದಲ್ಲಿ ಒಂದು ಕಾಗದ ಕಳುಹಿಸುತ್ತಾರೆ. ಮಗುವಿನ ಫೋಟೊವನ್ನು ತರಗತಿಯ ಗೋಡೆಗೆ ಅಂಟಿಸಬಹುದೇ, ಪತ್ರಿಕೆಗೆ ಕೊಡಬಹುದೇ ಎಂದು ಒಂದೊಂದಕ್ಕೂ ಬೇರೆ ಬೇರೆ ಒಪ್ಪಿಗೆ ಕೊಡಬೇಕು. ಮೊದಮೊದಲು ನನಗೆ ಇದು ಅತಿಯೆನಿಸಿತ್ತು. ಇದರ ಹಿಂದಿನ ಕಥೆ ಇತಿಹಾಸ ಕಲಿಸಿದ ನಿಮಗೆ ಇಷ್ಟವಾದೀತು: 1898ರಲ್ಲಿ ಜರ್ಮನಿಯ ಮಾಜಿ ಚಾನ್ಸಲರ್ ಬಿಸ್ಮಾರ್ಕ್ ತೀರಿಕೊಂಡ ರಾತ್ರಿ ಇಬ್ಬರು ಛಾಯಾಗ್ರಾಹಕರು ಕಳ್ಳತನದಿಂದ ಕೋಣೆಯೊಳಗೆ ನುಗ್ಗಿ ಹೆಣದ ಫೋಟೊ ತೆಗೆದರು, ಮಕ್ಕಳು ನ್ಯಾಯಾಲಯದ ಮೆಟ್ಟಿಲೇರಿದರು, ಆ ಗಲಾಟೆಯ ಬೆನ್ನಿಗೆ, ಒಬ್ಬರ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸಬಾರದೆಂಬ ಕಾನೂನು 1907ರಲ್ಲಿ ಬಂತು. ನಮ್ಮಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದ್ದೂ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿಯೇ. ಆದರೆ ಶಾಲೆಯ ಕಾಗದಕ್ಕೆ ಸಹಿ ಹಾಕುವವಳು ನಾನು. ನಮ್ಮ ಮನೆಯಲ್ಲಿ ತಪ್ಪಿ ನಡೆದವಳೂ ನಾನೇ.

ಬರೆಯುವುದನ್ನು ಪೂರ್ತಿ ಬಿಡುವ ಮನಸ್ಸಿಲ್ಲ. ಕಳೆದ ವಾರ ಹಳೆಯ ಲೇಖನಗಳನ್ನೆಲ್ಲ ಮಗನಿಗೆ ಒಂದೊಂದಾಗಿ ಓದಿ ಹೇಳಿ, ಯಾವುದು ಇರಬಹುದು, ಯಾವುದು ಬೇಡ ಎಂದು ಕೇಳಿದೆ. ನಮ್ಮ ತೋಟದ ನೀರಿನ ಸುರಂಗದೊಳಗೆ ಬಾವಲಿ ಕಂಡು ಕಿರುಚುತ್ತ ಓಡಿಬಂದದ್ದು ಇರಲಿ ಎಂದ. ಲೆಕ್ಕದಲ್ಲಿ ಸೊನ್ನೆ ಬಂದದ್ದನ್ನು ಕೇಳಿ ಅವನೇ ನಕ್ಕ. ಹಾಸಿಗೆಯ ಕಥೆ ಬೇಡವೆಂದ, ಅದು ಸರಿಯೇ. ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ನಿಮ್ಮ ಕೈ ಬಿಡದೆ ಅತ್ತದ್ದನ್ನೂ ಬೇಡವೆಂದಾಗ ಮಾತ್ರ ನಾನು ಸುಮ್ಮನಾದೆ. ನಾನು ಬರೆದುದರಲ್ಲೆಲ್ಲ ಅದೇ ಚಂದವೆಂದು ಇಷ್ಟು ದಿನ ತಿಳಿದಿದ್ದೆ. ಅವನಿಗೆ ಯಾವುದು ನಾಚಿಕೆ, ಯಾವುದು ತಮಾಷೆ ಎಂಬುದು ನನ್ನ ಊಹೆಗೆ ಸಿಗುವುದಿಲ್ಲ. ಇನ್ನು ಮುಂದೆ ಓದಿ ಹೇಳದೆ ಯಾವುದನ್ನೂ ಕಳುಹಿಸುವುದಿಲ್ಲ. ಮೂರು ವರ್ಷದ ಮಗಳನ್ನು ಕೇಳಿ ಪ್ರಯೋಜನವಿಲ್ಲವಾದ್ದರಿಂದ ಸದ್ಯ ಅವಳ ಬಗ್ಗೆ ಬರೆಯುವುದೇ ಇಲ್ಲ.

ನಿಮ್ಮ ಫೈಲಿನಿಂದ ಆ ಎರಡು ಲೇಖನಗಳನ್ನು ದಯವಿಟ್ಟು ತೆಗೆದಿಡಿ. ಅಮ್ಮ ಮೊಮ್ಮಗಳ ಎಣ್ಣೆಸ್ನಾನದ ಫೋಟೊವನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ್ದಾಳೆ. ಆ ಗುಂಪಿನಲ್ಲಿ ಯಾರು ಯಾರಿದ್ದಾರೆಂದು ಅವಳಿಗೇ ತಿಳಿದಿರಲಿಕ್ಕಿಲ್ಲ. ನಾನು ಹೇಳಿದರೆ ಬೇಸರ ಮಾಡಿಕೊಳ್ಳುತ್ತಾಳೆ, ನೀವೇ ಸಮಯ ನೋಡಿ ಹೇಳಿ.

ಇನ್ನೊಂದು ವಿಷಯ. ನೀವು ಕಿವಿಯ ಮೆಷಿನನ್ನು ಜೇಬಿನಲ್ಲಿಟ್ಟುಕೊಂಡು ಯಕ್ಷಗಾನಕ್ಕೆ ಹೋದದ್ದರ ಬಗ್ಗೆ ಒಂದು ಲೇಖನ ಬರೆದಿಟ್ಟಿದ್ದೇನೆ. ಇದರೊಡನೆ ಕಳುಹಿಸುತ್ತಿದ್ದೇನೆ, ಓದಿ ನೋಡಿ. ಬೇಡವೆನಿಸಿದರೆ ಹರಿದುಹಾಕಿ; ಕಾರಣ ಹೇಳಬೇಕಾಗಿಲ್ಲ.

ನಿಮ್ಮ ಪ್ರೀತಿಯ ಮಗಳು