ಜೋರಾಯ್ತಾ, ಗುಂಡಾ?

ಲೋ ಗುಂಡಾ,

ವಾಟ್ಸಾಪಲ್ಲಿ ಬರೆದ್ರೆ ಮೂರು ದಿನ ಬಿಟ್ಟು ಒಂದು ಹೆಬ್ಬೆಟ್ಟು ಕಳಿಸ್ತೀಯ. ಅದಕ್ಕೇ ಇಲ್ಲಿ, ಊರೆಲ್ಲ ನೋಡೋ ಹಾಗೆ ಬರೀತಿದ್ದೀನಿ. ಗಾಬರಿ ಬೇಡ, ಕೊಪ್ಪದ ಬಸ್ಸಿನ ಕೋಳಿ ವಿಷಯ ಎತ್ತಲ್ಲ.

ಒಂದು ವಾರದಿಂದ ಜಿಮ್ಮಿ ಕಾಬ್ ಹುಚ್ಚು ಹಿಡಿದಿದೆ ಮಾರಾಯ. 1959ರಲ್ಲಿ ಜಾಜ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 'ಕೈಂಡ್ ಆಫ್ ಬ್ಲೂ' ಆಲ್ಬಮ್ ರೆಕಾರ್ಡ್ ಮಾಡಿದಾಗ ಹಿಂದೆ ಡ್ರಮ್ಸ್‌ಗೆ ಕೂತಿದ್ದವನು. ನ್ಯೂಯಾರ್ಕಲ್ಲಿ, ಮೊದಲು ಚರ್ಚ್ ಆಗಿದ್ದ ಒಂದು ಸ್ಟುಡಿಯೋ. ಕೋಲ್ಟ್ರೇನ್, ಕ್ಯಾನನ್‌ಬಾಲ್, ಬಿಲ್ ಎವನ್ಸ್, ಎಲ್ಲ ಘಟಾನುಘಟಿಗಳು. ಇಡೀ ಆಲ್ಬಮ್ಮಲ್ಲಿ ಕಾಬ್‌ಗೆ ಒಂದೇ ಒಂದು ಸೋಲೋ ಇಲ್ಲ.

ಅದರಲ್ಲಿರೋ 'ಸೋ ವಾಟ್' ಕೇಳು. ಹೆಡ್‌ಫೋನಲ್ಲಿ, ನಿಮ್ಮನೆ ಮಿಕ್ಸಿ ಜತೆ ಕೇಳೋದಲ್ಲ ಅದು. ಬಾಸ್ ಏನೋ ಕೇಳತ್ತೆ, ಉಳಿದವರು ಎರಡೇ ಸ್ವರದಲ್ಲಿ ಉತ್ತರ ಕೊಡ್ತಾರೆ. ಸುಮಾರು ಒಂದೂವರೆ ನಿಮಿಷಕ್ಕೆ ಮೈಲ್ಸ್ ಟ್ರಂಪೆಟ್ ಎತ್ತಿದ ಕೂಡ್ಲೇ ಸಿಂಬಲ್ ಮೇಲೆ, ಅದೇ ಡ್ರಮ್ಸಿನ ಲೋಹದ ತಟ್ಟೆ ಮೇಲೆ, ಕಾಬ್ ಒಂದು ಏಟು ಕೊಡ್ತಾನೆ. ಆ ಗುಂಯ್‌ಗುಡುವಿಕೆ ಆರೋ ಮೊದಲೇ ಟ್ರಂಪೆಟ್ ಅದರೊಳಗೆ ಇಳಿದು ನಡೆಯೋಕೆ ಶುರು ಮಾಡಿರತ್ತೆ. ಹೊಡೆದವನಿಗೇ ಜೋರಾಯ್ತೇನೋ ಅನ್ನಿಸಿತ್ತಂತೆ! ಆಮೇಲೆ ಒಂಬತ್ತು ನಿಮಿಷ ದಾಟೋವರೆಗೂ ಬರೀ ಟಿಂ, ಟಿಂ-ಟಿ-ಟಿಂ. ನಮ್ಮ ತಬಲಾದಲ್ಲಿ ಠೇಕಾ ಹಿಡಿದ ಹಾಗೆ. ಪಾಲ್ ಚೇಂಬರ್ಸ್ ಬಾಸ್ ತಂತಿ ಮೀಟೋದೂ ಇವನ ಕಡ್ಡಿ ಬೀಳೋದೂ ಒಂದೇ ಕೈಯ ಕೆಲಸ ಅನ್ನಬೇಕು.

ಆ ಒಂದು ಏಟನ್ನ ಹಿಂದೆ ಮುಂದೆ ಮಾಡಿ ಹತ್ತಾರು ಸಲ ಕೇಳಿದೆ. ಗಣಪತಿ ಪೆಂಡಾಲಲ್ಲಿ ನಾನು ಹಾಡಿ ನೀನು ತಬಲಾ ನುಡಿಸಿದ್ದು ನೆನಪಾಯ್ತು.

ಅವತ್ತು ಎರಡನೇ ಚರಣಕ್ಕೆ ಅರ್ಧ ಆವರ್ತನ, ಅಂದ್ರೆ ತಾಳದ ಅರ್ಧ ಸುತ್ತು, ಮೊದಲೇ ಹಾರಿದ್ದು ನಾನು ಕಣೋ. ನೀನು ಡಗ್ಗಾಕ್ಕೆ ಒಂದು ದೊಡ್ಡ ಏಟು ಕೊಟ್ಟು ಸಮವನ್ನೇ, ತಾಳದ ಮೊದಲ ಪೆಟ್ಟನ್ನೇ, ಎತ್ತಿ ನಾನಿದ್ದಲ್ಲಿಗೆ ತಂದಿಟ್ಟೆ. ಕೆಳಗಿಳಿದ ಮೇಲೆ ಸಮಿತಿಯವರು "ತಬಲಾ ಜೋರಾಯ್ತು" ಅಂದ್ರಲ್ಲ, ಆಗ ನಾನೂ "ಹೌದು, ಸ್ವಲ್ಪ" ಅಂದೆ. ನೀನು ಪಕ್ಕದಲ್ಲೇ ಇದ್ದೆ. ಏನೂ ಹೇಳದೆ, ನನಗೆ ಹೊದಿಸಿದ್ದ ಶಾಲು ಮಡಚಿ ಕೈಗೆ ಕೊಟ್ಟೆ. ಮುಂದಿನ ವರ್ಷ ಅವರು ರಿದಂ ಪ್ಯಾಡ್ ತಂದ್ರು. ತಬಲಾ ಅಟ್ಟದ ಮೇಲಿದೆ ಅಂತ ಮೊನ್ನೆ ಅತ್ತಿಗೆ ಹೇಳಿದ್ರು. ಯಾವತ್ತಿಂದ ಅಂತ ಕೇಳೋಕೆ ನನಗೆ ಬಾಯಿ ಬರಲಿಲ್ಲ.

ಇಷ್ಟೆಲ್ಲ ಬರೆಯೋ ಇರಾದೆ ಇರಲಿಲ್ಲ. ಜಾಜ್ ಗೊತ್ತಿರೋನ ಹಾಗೆ ನಾಲ್ಕು ಮಾತು ಬಿಟ್ಟು ನಲವತ್ತು ಲೈಕು ತಗೊಳ್ಳೋಣ ಅಂತಿದ್ದೆ. ಅಂದ ಹಾಗೆ, ಆ ತಂಡದಲ್ಲಿ ಕೊನೆಗೆ ಉಳಿದವನು ಕಾಬ್. 2020ರಲ್ಲಿ, 91ಕ್ಕೆ ಹೋದ. ಈ ಲೆಕ್ಕದಲ್ಲಿ ನನ್ನ ತಿಥಿ ಊಟ ನೀನು ಉಣ್ಣೋದು ಖಂಡಿತ. ವಡೆ ಎರಡು ಜಾಸ್ತಿ ಹಾಕಿಸ್ಕೋ.

ದೀಪಾವಳಿಗೆ ಬರ್ತೀನಿ. ಅಟ್ಟ ಹತ್ತೋದು ನೀನು, ಏಣಿ ಹಿಡಿಯೋದು ನಾನು. ಹಾಡಲ್ಲ, ಹೆದರಬೇಡ.

ಇಂತಿ,
ಅರ್ಧ ಆವರ್ತನ