ಬಿಟ್ಟಿ ನೆರವು, ಆದರೆ ಸುಮ್ನೆ ಅಲ್ಲ

ಮಾನ್ಯರೇ,

ಗಂಟೆಗೆ ಇಷ್ಟು ಎಂದು ದುಡ್ಡು ಪಡೆಯಬಲ್ಲ ಸಾಫ್ಟ್‌ವೇರ್ ಪರಿಣತರು, ಗುರುತು ಪರಿಚಯವಿಲ್ಲದವರ ಪ್ರಶ್ನೆಗೆ ರಾತ್ರಿ ಕೂತು ಆನ್‌ಲೈನ್‌ನಲ್ಲಿ ಉತ್ತರ ಬರೆಯುತ್ತಾರೆ. ಯಾಕೆ? ಬರೀ ದೊಡ್ಡ ಮನಸ್ಸು ಅಂದರೆ ಅರ್ಧ ಸತ್ಯ.

ಇನ್ನೊಬ್ಬರಿಗೆ ಬಿಡಿಸಿ ಹೇಳುವಾಗಲೇ ನಮಗೆ ಗೊತ್ತಿಲ್ಲದ್ದು ಏನು ಎಂದು ಗೊತ್ತಾಗುವುದು. ನಾನೂ ಒಮ್ಮೆ ಡೇಟಾಬೇಸ್ ಬಗ್ಗೆ ಉತ್ತರ ಬರೆಯಲು ಹೋಗಿ, ವರ್ಷಗಳಿಂದ ತಪ್ಪು ತಿಳಿದಿದ್ದೆ ಎಂದು ಪೆಚ್ಚಾದೆ. ಹೆಸರು ಬರುತ್ತದೆ, ಅದರಿಂದ ಕೆಲಸವೂ ಸಿಗಬಹುದು. ಅದರಲ್ಲಿ ತಪ್ಪೇನಿಲ್ಲ ಬಿಡಿ. ಜತೆಗೆ ಋಣದ ಲೆಕ್ಕವೂ ಇದೆ. ಇಂದಿನ ಎಷ್ಟೋ ಪರಿಣತರು ಹಿಂದೆ ಯಾರದೋ ಉತ್ತರ ಓದಿ ಕಲಿತವರೇ ಅಲ್ವಾ? 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಹವ್ಯಾಸಕ್ಕೆಂದು ಶುರು ಮಾಡಿದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂಗೂ (ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ) ಆರಂಭದಲ್ಲಿ ಕೈಜೋಡಿಸಿದವರು ಇಂಥವರೇ.

ಆದರೆ ಬಿಟ್ಟಿ ದುಡಿಮೆಗೂ ಮಿತಿ ಇದೆ. 2014ರಲ್ಲಿ, ವೆಬ್‌ಸೈಟ್‌ಗೆ ಹೋಗಿಬರುವ ಮಾಹಿತಿಯನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ಎಂಬ ಉಚಿತ ತಂತ್ರಾಂಶದಲ್ಲಿ, ಮಾಹಿತಿ ಸೋರಿಕೆಗೆ ದಾರಿ ಮಾಡುವ ‘ಹಾರ್ಟ್‌ಬ್ಲೀಡ್’ ದೋಷ ಸಿಕ್ಕಾಗ, ಲಕ್ಷಾಂತರ ವೆಬ್‌ಸೈಟ್‌ಗಳನ್ನು ಕಾಯುತ್ತಿದ್ದ ಆ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ. ದೊಡ್ಡ ಕಂಪನಿಗಳು ಒಟ್ಟಾಗಿ ಹಣ ಹಾಕಲು ಮುಂದಾದದ್ದು ಆಮೇಲೆ.

ನೆರವು ಪಡೆದವರು ‘ಸರಿಹೋಯ್ತು, ಹೀಗೆ ಮಾಡಿದೆ’ ಎಂದು ಒಂದು ಸಾಲು ಬರೆದರೂ ಮುಂದೆ ಬರುವವರಿಗೆ ಅದು ದಾರಿ. ಎಷ್ಟೋ ಜನ ಅದನ್ನೂ ಬರೆಯದೆ ಮಾಯವಾಗುತ್ತಾರೆ.

– ಒಬ್ಬ ಓದುಗ