ಮಗಳಿಗೊಂದು ಪತ್ರ: ಬರಿಗೈಯಲ್ಲಿ ಆಡಿ ನೋಡು

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಸಿಡುಕಿದ್ದಕ್ಕೆ ಉತ್ತರ ಇದು. ಇನ್ನು ಮೇಲೆ ಪ್ರತಿ ಶುಕ್ರವಾರ ಸಂಜೆ ಎಲ್ಲರೂ ಒಟ್ಟಿಗೆ ಕುಳಿತು, ನಿಮ್ಮ ಕಚೇರಿಯಲ್ಲಿ ನೀವೇ ತಯಾರಿಸುವ ಫೋನ್ ಆಟವನ್ನು ಒಂದು ಗಂಟೆ ಆಡಬೇಕೆಂದು ನಿಮ್ಮ ಮೇಲಿನವರು ಅಪ್ಪಣೆ ಮಾಡಿದ್ದಾರೆ. "ಬೆಳಗಿನಿಂದ ಅದನ್ನೇ ನೋಡಿ ಕಣ್ಣು ಉರಿಯುತ್ತದೆ ಅಪ್ಪ, ಮತ್ತೆ ಅದನ್ನೇ ಆಡಬೇಕೇ?" ಎಂದು ಕೇಳಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಫೋನ್ ಕಸಿದುಕೊಂಡಳು. ಆಡಬೇಕು ಎಂಬುದೇ ನನ್ನ ಅಭಿಪ್ರಾಯ. ಆದರೆ ನೀವು ಈಗ ಆಡುತ್ತೀರಲ್ಲ, ಅದು ಆಡುವುದೇ ಅಲ್ಲ.

ಕಳೆದ ಸಲ ಊರಿಗೆ ಬಂದಾಗ ನಿನ್ನ ಫೋನಿನಲ್ಲಿ ಆಟ ತೆರೆದು ತೋರಿಸಿದೆ. ಮೇಲ್ಗಡೆ ಮೂಲೆಯಲ್ಲಿ ನಾಣ್ಯಗಳ ಲೆಕ್ಕ ಲಕ್ಷಗಟ್ಟಲೆ ಇತ್ತು. ಎಷ್ಟು ಖರ್ಚು ಮಾಡಿದರೂ ಅದು ಇಳಿಯುವುದಿಲ್ಲ, ಯಾವ ಲೆವೆಲ್ ಬೇಕಾದರೂ ತೆರೆದಿರುತ್ತದೆ, ಸೋತರೆ ಕಾಯಬೇಕಿಲ್ಲ, ನಡುವೆ ಜಾಹೀರಾತಿಲ್ಲ. "ಇದು ಟೆಸ್ಟ್ ಖಾತೆ, ನಮಗೆಲ್ಲ ಹೀಗೇ" ಎಂದೆ. ಕೆಲಸದ ದೃಷ್ಟಿಯಿಂದ ಅದು ಬೇಕೇ ಬೇಕು. ನೂರನೇ ಲೆವೆಲ್‌ನಲ್ಲಿ ಒಂದು ಬಗ್, ಅಂದರೆ ದೋಷ, ಇದ್ದರೆ ಅದನ್ನು ನೋಡಲು ತೊಂಬತ್ತೊಂಬತ್ತು ಲೆವೆಲ್ ಗೆದ್ದು ಬಾ ಎಂದು ಯಾರೂ ಹೇಳಲಾರರು. ಆದರೆ ಶುಕ್ರವಾರ ಸಂಜೆಯೂ ಅದೇ ಖಾತೆಯಲ್ಲಿ ಕುಳಿತರೆ ನಿಮ್ಮ ಆಟವನ್ನು ಬಿಟ್ಟು ಬೇರೆ ಯಾವುದನ್ನೋ ಆಡಿದ ಹಾಗಾಯಿತು. ದುಡ್ಡು ಕೊಡದೆ ಆಡುವ ಲಕ್ಷಾಂತರ ಜನರ ಕೈಯಲ್ಲಿರುವ ಆಟದಲ್ಲಿ ನಾಣ್ಯ ಮುಗಿಯುತ್ತದೆ.

ಟೆಸ್ಟ್ ಖಾತೆಯ ಚಾಳಿ ನಿಮ್ಮಿಂದ ಶುರುವಾದದ್ದೇನಲ್ಲ. ಜಪಾನಿನ ಕೊನಾಮಿ ಸಂಸ್ಥೆ 1985ರಲ್ಲಿ ಗ್ರೇಡಿಯಸ್ ಎಂಬ ಆಟವನ್ನು ನಾಣ್ಯ ಹಾಕಿ ಆಡುವ ಯಂತ್ರಗಳಿಗೆ ತಂದಿತು. ಮರುವರ್ಷ ಅದನ್ನು ನಿಂಟೆಂಡೊ ಕಂಪನಿಯ ಮನೆಯಲ್ಲಿ ಆಡುವ ಯಂತ್ರಕ್ಕೆ ಅಳವಡಿಸುವ ಕೆಲಸ ಕಝುಹಿಸಾ ಹಶಿಮೊಟೊ ಅವರ ಪಾಲಿಗೆ ಬಂತು. ಆಟ ಎಷ್ಟು ಕಠಿಣವೆಂದರೆ, ಪರೀಕ್ಷೆ ಮಾಡಲು ಕುಳಿತ ಅವರಿಂದಲೇ ಕೊನೆ ಮುಟ್ಟಲಾಗಲಿಲ್ಲ. ಅದಕ್ಕೆ ಒಂದು ಒಳದಾರಿ ಮಾಡಿಕೊಂಡರು. ಆಟವನ್ನು ನಿಲ್ಲಿಸಿ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಎಂದು ಗುಂಡಿಗಳನ್ನು ಒತ್ತಿದರೆ ನೌಕೆಗೆ ಇದ್ದಬದ್ದ ಶಕ್ತಿಯೆಲ್ಲ ಬಂದುಬಿಡುತ್ತಿತ್ತು. ಮಾರಾಟಕ್ಕೆ ಹೋದ ಪ್ರತಿಯಲ್ಲೂ ಅದು ಹಾಗೇ ಉಳಿಯಿತು. ಮುಂದೆ ಕಾಂಟ್ರಾ ಆಟದಲ್ಲಿ ಅದೇ ಗುಂಡಿಗಳಿಗೆ ಮೂವತ್ತು ಜೀವ ಸಿಗತೊಡಗಿ, ಕೊನಾಮಿ ಕೋಡ್ ಎಂದು ಲೋಕವೆಲ್ಲ ಅದನ್ನು ಬಾಯಿಪಾಠ ಮಾಡಿತು. 2020ರಲ್ಲಿ ಹಶಿಮೊಟೊ ತೀರಿಕೊಂಡಾಗಲೂ ಎಲ್ಲರೂ ನೆನೆದದ್ದು ಅದನ್ನೇ. ನನಗೂ ಆ ಕಥೆ ಇಷ್ಟ. ಆದರೂ ಒಂದು ತಕರಾರು ಉಳಿದಿದೆ: ಅಳವಡಿಸಿದವನಿಂದಲೇ ಮುಗಿಸಲಾಗದ ಆಟ ಎಂದು ಗೊತ್ತಾದ ಗಳಿಗೆಯಲ್ಲಿ ರಿಪೇರಿಯಾಗಬೇಕಿದ್ದದ್ದು ಆಟವೋ, ಪರೀಕ್ಷೆ ಮಾಡುವವನ ದಾರಿಯೋ?

ಇನ್ನು ನಿನ್ನ ಪರವಾಗಿಯೂ ನಾಲ್ಕು ಮಾತು ಹೇಳಬೇಕು. ಎಲ್ಡನ್ ರಿಂಗ್ ಎಂಬ ಆಟವನ್ನು ನಿರ್ದೇಶಿಸಿದ ಹಿಡೆಟಾಕಾ ಮಿಯಾಝಾಕಿ, 2022ರಲ್ಲಿ ಆ ಆಟ ಬಿಡುಗಡೆಯಾಗುವ ಹೊತ್ತಿಗೆ, ತಾನು ಅದನ್ನು ಆಡುವ ಸಾಧ್ಯತೆ ಕಡಿಮೆ ಎಂದಿದ್ದರು. ಮುಂದೇನಿದೆಯೆಂದು ಎಲ್ಲವೂ ಗೊತ್ತಿರುವಾಗ ಅದು ಆಡಿದಂತೆಯೇ ಅನ್ನಿಸುವುದಿಲ್ಲ ಎಂಬುದು ಅವರ ವಾದ. ಸರಿಯಾದ ವಾದವೇ. ಮೂಲೆಯಲ್ಲಿ ಯಾರು ಅಡಗಿದ್ದಾರೆಂದು ಗೊತ್ತಿರುವವನು ಎಷ್ಟು ಸಲ ಆ ಮೂಲೆ ತಿರುಗಿದರೂ ಬೆಚ್ಚಿಬೀಳುವುದಿಲ್ಲ. ಪ್ರಶ್ನೆಪತ್ರಿಕೆ ತಯಾರಿಸಿದ ಮೇಷ್ಟರು ತಾನೇ ಅದನ್ನು ಬಿಡಿಸಲು ಕುಳಿತರೂ ಇದೇ ಗತಿ. ಪಿಯು ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದಾಗ ನಾನು ಕೊಟ್ಟ ಲೆಕ್ಕಗಳೆಲ್ಲ ನನಗೆ ಸಲೀಸು, ಮೂರು ಗಂಟೆಯ ಪತ್ರಿಕೆ ಒಂದು ಗಂಟೆಗೆ ಮುಗಿಯುತ್ತಿತ್ತು. ಹಾಗೆಂದು ಬಿಡಿಸಿ ನೋಡದೆ ಕಳಿಸುವ ಮೇಷ್ಟರನ್ನು ಮಾತ್ರ ನಾನು ನಂಬುವುದಿಲ್ಲ. ದತ್ತಾಂಶವೇ ತಪ್ಪಿರುವ ಲೆಕ್ಕ ಬಿಡಿಸಿದಾಗಲಷ್ಟೇ ಸಿಕ್ಕಿಬೀಳುತ್ತದೆ. ಲೆಕ್ಕ ಕಷ್ಟವೋ ಸುಲಭವೋ ಎಂದು ತಿಳಿಯಲು ಮಾತ್ರ ಬೇರೆಯವರೇ ಬೇಕು.

ಇವೆರಡೂ ಬೇರೆ ಬೇರೆ ಕೆಲಸ ಎಂಬುದಕ್ಕೆ ಹಾಫ್ ಲೈಫ್ ಎಂಬ ಆಟಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಅಮೆರಿಕದ ವಾಲ್ವ್ ಎಂಬ ಹೊಸ ಸಂಸ್ಥೆ 1997ರ ಕೊನೆಯಲ್ಲಿ ಅದನ್ನು ಬಿಡುಗಡೆ ಮಾಡಬೇಕಿತ್ತು. ಆದರೆ ಆಟ ಮಜವಾಗಿಲ್ಲ ಎಂಬುದು ತಂಡಕ್ಕೇ ಮನದಟ್ಟಾಯಿತು. ಇದನ್ನು ಯಾವ ಸಮೀಕ್ಷೆಯೂ ಹೇಳಲಿಲ್ಲ, ತಾವು ಮಾಡಿದ್ದನ್ನು ಮುಂದಿಟ್ಟುಕೊಂಡು ನೋಡಿದಾಗ ಅವರಿಗೇ ಹೊಳೆಯಿತು. ಬಿಡುಗಡೆ ಮುಂದೂಡಿ ಬಹುಪಾಲು ಆಟವನ್ನು ಮತ್ತೆ ಮಾಡಲು ಹೊರಟರು. ಎರಡನೆಯ ಸುತ್ತಿನಲ್ಲಿ ಅವರು ನೆಚ್ಚಿಕೊಂಡದ್ದು ಹೊರಗಿನವರನ್ನು. ಬೇರೆ ಆಟಗಳನ್ನು ಕೊಂಡು ನೋಂದಣಿ ಕಾರ್ಡ್ ಕಳಿಸಿದ್ದ ಸ್ಥಳೀಯರಲ್ಲಿ ಒಬ್ಬರನ್ನು ಕರೆಸಿ ಎರಡು ಗಂಟೆ ಆಡಲು ಬಿಡುತ್ತಿದ್ದರು. ಆ ಭಾಗವನ್ನು ರಚಿಸಿದವರು ಹಿಂದೆ ಕುಳಿತು ಬರೆದುಕೊಳ್ಳಬೇಕು, ಅಷ್ಟೇ. ಆಡುವವನು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದರೂ ಸುಳಿವು ಕೊಡುವಂತಿಲ್ಲ, ಬಾಯಿ ಬಿಡುವಂತಿಲ್ಲ. ತಂಡದ ಕೆನ್ ಬರ್ಡ್‌ವೆಲ್ 1999ರಲ್ಲಿ ಇದನ್ನು ವಿವರವಾಗಿ ಬರೆದರು: ಮೊದಮೊದಲು ಒಂದೊಂದು ಬೈಠಕ್ಕಿನಿಂದ ಸರಿಪಡಿಸಬೇಕಾದ ನೂರರಷ್ಟು ಸಂಗತಿಗಳು ಸಿಗುತ್ತಿದ್ದವಂತೆ, ಒಟ್ಟು ಬೈಠಕ್ಕುಗಳು ಇನ್ನೂರನ್ನು ದಾಟಿದವಂತೆ. ನಾವು ಸರಳವೆಂದುಕೊಂಡ ಒಗಟಿನ ಮುಂದೆ ಯಾರೋ ಇಪ್ಪತ್ತು ನಿಮಿಷ ತಡಕಾಡುವುದನ್ನು ಮೌನವಾಗಿ ನೋಡುವುದಕ್ಕಿಂತ ಗರ್ವಭಂಗ ಬೇರಿಲ್ಲ ಎಂಬರ್ಥದ ಮಾತೂ ಅದರಲ್ಲಿದೆ. 1998ರ ನವೆಂಬರಿನಲ್ಲಿ ಆಟ ಹೊರಬಂತು. ಆಮೇಲಿನದು ನಿನಗೆ ಗೊತ್ತು, ಆ ಆಟವನ್ನು ಆಡುತ್ತಲೇ ನೀನು ಈ ಕಸುಬಿಗೆ ಮನಸ್ಸು ಕೊಟ್ಟದ್ದು.

ಚೆನ್ನಾಗಿಲ್ಲ ಎಂಬುದನ್ನು ತಾವೇ ಕಂಡುಕೊಂಡರು, ಎಲ್ಲಿ ಚೆನ್ನಾಗಿಲ್ಲ ಎಂಬುದನ್ನು ಪರರಿಂದ ತಿಳಿದುಕೊಂಡರು. ಮೊದಲನೆಯದು ಇಲ್ಲದಿದ್ದರೆ ಎರಡನೆಯದಕ್ಕೆ ಕೈಹಾಕುವ ಪ್ರಶ್ನೆಯೇ ಇರುತ್ತಿರಲಿಲ್ಲ.

ಆಟಗಳ ರಚನಕಾರ ಸಿಡ್ ಮೈಯರ್ ಹೇಳಿದ ಒಂದು ಸಂಗತಿ ನನ್ನನ್ನು ಇವತ್ತಿಗೂ ಕೆಣಕುತ್ತದೆ. ಅವರ ಸಿವಿಲೈಸೇಷನ್ ಆಟ ಆಡಿ ಆಡಿ ಅಮ್ಮನಿಂದ ನಾನು ಎಷ್ಟು ಬೈಸಿಕೊಂಡಿದ್ದೇನೆ ಎಂಬುದಕ್ಕೆ ನೀನೇ ಸಾಕ್ಷಿ. 2008ರ ಸಿವಿಲೈಸೇಷನ್ ರೆವಲ್ಯೂಷನ್‌ನಲ್ಲಿ ಯುದ್ಧಕ್ಕೆ ಮೊದಲು ಎರಡೂ ಪಕ್ಷಗಳ ಬಲ ಅಂಕಿಯಲ್ಲಿ ಕಾಣುತ್ತದೆ. ನಿನ್ನ ಬಲ ಮೂರು, ಎದುರಾಳಿಯದು ಒಂದು ಎಂದರೆ ನಾಲ್ಕರಲ್ಲಿ ಒಂದು ಸಲ ನೀನು ಸೋಲಲೇಬೇಕು. ಇದು ಶುದ್ಧ ಲೆಕ್ಕ. ಪರೀಕ್ಷೆಗೆ ಬಂದವರು ಸೋತ ಕೂಡಲೇ ಮೋಸ ಎಂದು ಕೂಗಾಡಿದರಂತೆ. ತಮ್ಮದು ಒಂದು, ಎದುರಾಳಿಯದು ಮೂರು ಇದ್ದಾಗ ಗೆದ್ದರೆ ಮಾತ್ರ ಯಾರೂ ತಕರಾರು ತೆಗೆಯಲಿಲ್ಲ! ಎರಡಕ್ಕೆ ಒಂದರ ಯುದ್ಧದಲ್ಲಿ ಸಾಲಾಗಿ ಎರಡು ಸಲ ಸೋತವರಿಗೂ ಕೋಪ. ಕೊನೆಗೆ ಮೈಯರ್ ತಂಡ ಹಿಂದಿನ ಸೋಲನ್ನೂ ಗಣನೆಗೆ ತೆಗೆದುಕೊಂಡು ಒಳಗಿನ ಲೆಕ್ಕವನ್ನು ಆಡುವವನ ಮನಸ್ಸಿಗೆ ಒಪ್ಪುವಂತೆ ಬದಲಿಸಿತು. 2010ರ ಭಾಷಣವೊಂದರಲ್ಲಿ ಅವರೇ ಇದನ್ನೆಲ್ಲ ನಗುತ್ತ ವಿವರಿಸಿದ್ದಾರೆ. ಸಂಭವನೀಯತೆ ಕಲಿಸಿ ಗಂಟಲು ಒಣಗಿಸಿಕೊಂಡ ನನಗೆ ಈ ರಾಜಿ ಹಿಡಿಸುವುದಿಲ್ಲ, ಹಿಡಿಸಬೇಕಾಗಿಯೂ ಇಲ್ಲ. ಆದರೆ ಗಮನಿಸು: ಮೈಯರ್ ತಮ್ಮ ಆಟವನ್ನು ಸಾವಿರ ಸಲ ಆಡಿದ್ದರೂ ಇದು ಅವರಿಗೆ ಕಾಣುತ್ತಿರಲಿಲ್ಲ. ಸೂತ್ರ ಬರೆದವನಿಗೆ ಸೋತಾಗ ಸಿಟ್ಟು ಬರುವುದಿಲ್ಲ.

ಇದಕ್ಕೆ ಉಲ್ಟಾ, ಒಳಗಿನವರು ಆಡಿ ಹೇಳಿದ್ದನ್ನು ನಂಬದೆ ಕೆಟ್ಟದ್ದೂ ಇದೆ. 2012ರ ಡಯಾಬ್ಲೊ 3 ಎಂಬ ಆಟದಲ್ಲಿ ಇನ್‌ಫರ್ನೊ ಎಂಬ ಅತಿ ಕಠಿಣ ಹಂತವನ್ನು ಒಳಗಿನ ಪರೀಕ್ಷಕರೇ ಆಡಿ, ಸಾಕಷ್ಟು ಕಷ್ಟವಾಗಿದೆ ಎಂದರು. ಹೊರಗಿನವರು ನಮಗಿಂತ ಗಟ್ಟಿಗರು ಎಂದು ನಿರ್ದೇಶಕರು ಅದನ್ನು ದುಪ್ಪಟ್ಟು ಮಾಡಿಸಿದರು. ಜನ ಗೋಳಾಡಿದರು, ಕೆಲವೇ ವಾರಗಳಲ್ಲಿ ಇಳಿಸಬೇಕಾಯಿತು.

ಈಗ ಫೋನಿನ ವಿಚಾರ. ನಿಮ್ಮ ಕಚೇರಿಯಲ್ಲಿ ಕಳೆದ ವರ್ಷದ ದುಬಾರಿ ಫೋನುಗಳು, ಧಾರಾಳ ವೈಫೈ. ಸೈಬರ್‌ಪಂಕ್ 2077 ಎಂಬ ಆಟ ಮಾಡಿದ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್‌ನ ಕಥೆ ನಿನಗೇ ಗೊತ್ತಲ್ಲ. 2020ರ ಡಿಸೆಂಬರ್ 10ರಂದು ಬಂದ ಆಟ ಒಳ್ಳೆಯ ಕಂಪ್ಯೂಟರುಗಳಲ್ಲಿ ಓಡಿತು, ಸೋನಿ ಕಂಪನಿಯ ಹಳೆಯ ಆಟದ ಯಂತ್ರ ಪ್ಲೇಸ್ಟೇಷನ್ 4ರಲ್ಲಿ ಮುಗ್ಗರಿಸಿತು. ಸುಮಾರು ಒಂದು ವಾರಕ್ಕೆ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆಯಿತು. ಮರಳಿ ಬಂದದ್ದು 2021ರ ಜೂನ್‌ನಲ್ಲಿ. ಜನರು ಕಂಡ ಬಹಳಷ್ಟು ತೊಂದರೆಗಳು ತಮ್ಮ ಪರೀಕ್ಷೆಗಳಲ್ಲಿ ಕಾಣಿಸಿರಲಿಲ್ಲ ಎಂದು ಆ ಸಂಸ್ಥೆಯ ಸ್ಥಾಪಕರೊಬ್ಬರು ಹೇಳಿದರು. ನಮ್ಮಲ್ಲಿ ಆಡುವವರು ಯಾವ ಫೋನಿನಲ್ಲಿ ಆಡುತ್ತಾರೆ ಎಂದು ತಿಳಿಯಲು ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವ ರೈಲಿನ ಜನರಲ್ ಬೋಗಿಯಲ್ಲಿ ಒಮ್ಮೆ ಕಣ್ಣಾಡಿಸಿದರೆ ಸಾಕು. ಗಾಜು ಸೀಳಿದ, ಮೆಮೊರಿ ತುಂಬಿದ, ದಿನದ ಡೇಟಾ ಸಂಜೆಯೊಳಗೆ ಮುಗಿಯುವ ಫೋನುಗಳು.

ನಮ್ಮ ಮನೆಯಲ್ಲಿಯೂ ಅಂಥದ್ದೊಂದಿದೆ, ನಿನ್ನ ಅಮ್ಮನದು. ಹಾಫ್ ಲೈಫ್‌ನವರ ನಿಯಮವನ್ನು ನಾನು ಅವಳ ಮೇಲೆ ಪ್ರಯೋಗಿಸಿದೆ, ನೀನು ನಗಬೇಡ. ಜಗಲಿಯ ಕುರ್ಚಿಯಲ್ಲಿ ಅವಳು, ಹಿಂದೆ ಸ್ಟೂಲಿನ ಮೇಲೆ ಪೆನ್ನು ಹಿಡಿದು ನಾನು. ಮೊದಲ ಲೆವೆಲ್‌ನಲ್ಲಿ ತೋರುಬೆರಳಿನ ಚಿತ್ರ ಬಂದು ದಾರಿ ತೋರಿತು, ಅವಳು ಒತ್ತಿದಳು, ಹೂವುಗಳು ಸಾಲಾದವು, ಖುಷಿಪಟ್ಟಳು. ಮೂರನೆಯದರಲ್ಲಿ ಮಲ್ಲಿಗೆ ಯಾವುದು, ನಂದಿಬಟ್ಟಲು ಯಾವುದು ಎಂದು ತಿಳಿಯದೆ ಫೋನನ್ನು ಕನ್ನಡಕಕ್ಕೆ ತಾಗುವಷ್ಟು ಹತ್ತಿರ ಹಿಡಿದಳು. ನಿನ್ನ ಫೋನಿನಲ್ಲಿ ಅವೆರಡೂ ಬೇರೆಯೇ, ಅವಳ ಮಬ್ಬು ಪರದೆಯಲ್ಲಿ ಎರಡೂ ಬಿಳಿ ಚುಕ್ಕೆ. ಅಷ್ಟರಲ್ಲಿ ಆಟದೊಳಗಿನ ಅಂಗಡಿಯ ಪರದೆ ಧುತ್ತೆಂದು ಬಂತು. ಮುಚ್ಚುವ ಗುಣಿಸು ಗುರುತು ಮೇಲಿನ ಮೂಲೆಯಲ್ಲಿ ಬೂದಿ ಬಣ್ಣದಲ್ಲಿ, ಎಳ್ಳಿನಷ್ಟು. ಅವಳಿಗೆ ಕಂಡದ್ದು ನಡುವಿನ ಹಸಿರು ಗುಂಡಿಯೊಂದೇ. ಒತ್ತಿದಳು. ಹಣ ಪಾವತಿಯ ಪಾಸ್‌ವರ್ಡ್ ಕೇಳಿತು. ಫೋನನ್ನು ಬೋರಲು ಹಾಕಿ, "ಪಿಂಚಣಿ ಹೋಯಿತೇ ನೋಡಿ" ಎಂದಳು!

ಸಮಾಧಾನ ಹೇಳಿ ಮುಂದುವರಿಸಿದ್ದಾಯಿತು, ಅದಕ್ಕೆ ಮಾತ್ರ ಬಾಯಿ ಬಿಟ್ಟೆ. ಜೀವಗಳು ಮುಗಿದಾಗ ಅರ್ಧ ಗಂಟೆ ಕಾಯಿರಿ ಇಲ್ಲವೇ ಜಾಹೀರಾತು ನೋಡಿ ಎಂದು ಬಂತು. ಅವಳು ಉದ್ದಿನಬೇಳೆ ನೆನೆಹಾಕಲು ಎದ್ದು ಹೋದಳು, ಆ ದಿನ ಮತ್ತೆ ಫೋನ್ ಮುಟ್ಟಲಿಲ್ಲ. ನಿಮ್ಮ ಕಚೇರಿಯ ಗ್ರಾಫಿನಲ್ಲಿ ಇದು ಹೇಗೆ ದಾಖಲಾಗಿರಬಹುದು? ಒಬ್ಬ ಆಟಗಾರ್ತಿ, ಮೂರನೆಯ ಲೆವೆಲ್, ನಿರ್ಗಮನ. ನಂದಿಬಟ್ಟಲಿನ ವಿಚಾರ, ಪಿಂಚಣಿಯ ಭಯ ಯಾವುದೂ ಅದರಲ್ಲಿರುವುದಿಲ್ಲ.

ಹಾಗಾಗಿ ಶುಕ್ರವಾರದ ಅಪ್ಪಣೆಯಲ್ಲಿ ನನಗಿರುವ ಆಕ್ಷೇಪ ನಿನ್ನದಕ್ಕಿಂತ ಬೇರೆ. ನಿಮ್ಮದು ಒಂದೇ ಉಸಿರಿಗೆ ಗಂಟೆಗಟ್ಟಲೆ ಆಡುವ ಆಟವಲ್ಲ. ಬಸ್ ನಿಲ್ದಾಣದಲ್ಲಿ ಐದು ನಿಮಿಷ, ಕುಕ್ಕರ್ ಕೂಗುವವರೆಗೆ ಐದು ನಿಮಿಷ ಎಂದು ತಿಂಗಳುಗಟ್ಟಲೆ ಆಡುವಂಥದ್ದು. ಕಾಯಿಸುವುದೇ ಅದರ ವ್ಯಾಪಾರ. ಎಲ್ಲರೂ ಸಮೋಸ ತಿನ್ನುತ್ತ ಒಂದು ಗಂಟೆ ಆಡಿದರೆ ಆ ಕಾಯುವಿಕೆಯ ಬೇಸರ ಯಾರ ಅನುಭವಕ್ಕೂ ಬರುವುದಿಲ್ಲ. ಮೇಲಿನವರಿಗೆ ಹೀಗೆ ಹೇಳಿ ನೋಡು: ಪ್ರತಿಯೊಬ್ಬರೂ ಹೊಸ ಖಾತೆ ತೆರೆಯಲಿ, ನಾಣ್ಯ ತುಂಬಿಸಿಕೊಳ್ಳದೆ ಮನೆಗೆ ಹೋಗುವ ದಾರಿಯಲ್ಲಿ ಸಾಧಾರಣ ಫೋನಿನಲ್ಲಿ ಆಡಲಿ, ಕಾಯಲು ಬೇಸರವಾದರೆ ಸ್ವಂತ ಜೇಬಿನಿಂದ ದುಡ್ಡು ಕೊಡಲಿ. ಅದಕ್ಕೆ ನಲವತ್ತೊಂಬತ್ತು ರೂಪಾಯಿ ಹೆಚ್ಚೋ ಕಡಿಮೆಯೋ ಎಂದು ಸಭೆಯಲ್ಲಿ ಚರ್ಚಿಸುವ ತಾಪತ್ರಯವೂ ತಪ್ಪುತ್ತದೆ. ಬೆಲೆ ನಿಗದಿ ಮಾಡುವ ಮಹಾಶಯರು ಮೊದಲು ಆಡಲಿ. ಮತ್ತು ಆ ಹೊತ್ತನ್ನು ಕೆಲಸದ ಅವಧಿಯಲ್ಲಿ ಸೇರಿಸಲಿ, ಅದರಲ್ಲಿ ನೀನು ಬಗ್ಗಬೇಡ. ಆಟವೆಂಬ ಹೆಸರಿದ್ದ ಮಾತ್ರಕ್ಕೆ ಅದು ವಿರಾಮವಾಗುವುದಿಲ್ಲ.

ನಮ್ಮ ಕಡೆಯವರಿಗೆ ಈ ಅಭ್ಯಾಸ ಕಡಿಮೆ ಇರುವುದಕ್ಕೆ ಕಾರಣವೂ ಇದೆ ಎನ್ನಿಸುತ್ತದೆ. 1997ರಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಆಟದ ಸಂಸ್ಥೆ ಬೆಂಗಳೂರಿನಲ್ಲಿ ಶುರುವಾದಾಗಿನಿಂದ ಬಹುಕಾಲ ಇಲ್ಲಿನ ಸಂಸ್ಥೆಗಳು ಹೆಚ್ಚಾಗಿ ಮಾಡಿದ್ದು ಹೊರದೇಶದ ದೊಡ್ಡ ಆಟಗಳಿಗೆ ಬಿಡಿಭಾಗ. ಕಾರು ಇಲ್ಲಿ, ಕಟ್ಟಡ ಇಲ್ಲಿ, ಆಟ ಮಾತ್ರ ಅಲ್ಲಿ. ಸ್ಟೀರಿಂಗ್ ಚಕ್ರವನ್ನಷ್ಟೇ ತಿದ್ದಿ ತೀಡಿದವನು ಇಡೀ ಆಟವನ್ನು ಆಡಿ ಅಭಿಪ್ರಾಯ ಹೇಳಬೇಕೆಂದು ಯಾರೂ ಕೇಳುತ್ತಿರಲಿಲ್ಲ. ನಿಮ್ಮನ್ನು ಕೇಳುತ್ತಿದ್ದಾರೆ. ಮೊದಲ ಪರದೆಯಿಂದ ಕೊನೆಯ ಪರದೆಯವರೆಗೆ ಆಟ ನಿಮ್ಮದೇ, ಬೈಗುಳವೂ ನಿಮ್ಮದೇ.

ಅಮ್ಮನ ಬೈಠಕ್ಕಿನಲ್ಲಿ ಬರೆದುಕೊಂಡದ್ದನ್ನು ಇದರ ಜೊತೆ ಇಟ್ಟಿದ್ದೇನೆ. ಅಕ್ಷರ ಓದಲಾಗದಿದ್ದರೆ ಫೋನ್ ಮಾಡು. ಮುಂದಿನ ಆವೃತ್ತಿ ಬಂದಾಗ ಅವಳಿಗೆ ಮೊದಲೇ ಏನನ್ನೂ ಹೇಳಿಕೊಡಬೇಡ, ಲೆಕ್ಕ ಕೆಡುತ್ತದೆ. ಗುಣಿಸು ಗುರುತನ್ನು ದೊಡ್ಡದು ಮಾಡಿದರೆ ಮಾತ್ರ ಆಡುವುದಾಗಿ ಅವಳು ಹೇಳಿದ್ದಾಳೆ. ಆ ಗುರುತನ್ನು ಅಷ್ಟು ಚಿಕ್ಕದಾಗಿ ಇರಿಸಿದ್ದು ಕಣ್ತಪ್ಪಿನಿಂದಲೋ, ಬೇಕೆಂದೋ ಎಂದು ವಿಚಾರಿಸಿ ನನಗೆ ಬರೆ.

ನಿನ್ನ,
ಅಪ್ಪ